ಮನಸ್ಸು ಬರಲೆಂದು ಕಾಯುವುದೇಕೆ?

ವ್ಯಾಯಾಮದ ಅಗತ್ಯವನ್ನು ಇಂದು ಯಾರಿಗೂ ಹೊಸದಾಗಿ ಬೋಧಿಸಬೇಕಾಗಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಣಕಾಲು ನೋವು ಇವುಗಳಲ್ಲಿ ಒಂದಾದರೂ ಇಲ್ಲದ ಮನೆ ವಿರಳವಾಗಿರುವಾಗ, 'ದಿನಾಲೂ ನಡೆಯಿರಿ' ಎಂಬ ವೈದ್ಯರ ಮಾತನ್ನು ಕೇಳದ ಕುಟುಂಬವೂ ವಿರಳವೇ. ಆದರೂ ನಡೆಯುವವರು ಕಡಿಮೆ. ಕಾರಣ ಕೇಳಿದರೆ 'ಎಲ್ಲ ಗೊತ್ತಿದೆ, ಆದರೆ ಮನಸ್ಸೇ ಬರುವುದಿಲ್ಲ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಹೊಸ ವರ್ಷದ ಹುರುಪಿನಲ್ಲಿ ಕೊಂಡ ಬೂಟುಗಳು ಫೆಬ್ರವರಿಯ ಹೊತ್ತಿಗೆ ಮಂಚದ ಅಡಿ ಸೇರಿರುತ್ತವೆ. ಟ್ರೆಡ್‌ಮಿಲ್ ಬಟ್ಟೆ ಹರವುವ ಸ್ಟ್ಯಾಂಡಾಗಿರುತ್ತದೆ.

ಇದನ್ನು ಸೋಮಾರಿತನವೆಂದು ಜರೆಯುವುದು ಸುಲಭ. ಆದರೆ ಮೊದಲು ಉತ್ಸಾಹ ಬರಬೇಕು, ಅನಂತರ ದೇಹ ಚಲಿಸಬೇಕು ಎಂಬ ನಮ್ಮ ಎಣಿಕೆಯೇ ತಲೆಕೆಳಗಾದದ್ದೆಂದು ತೋರುತ್ತದೆ.

ಈ ವಿಷಯದಲ್ಲಿ ಲಂಡನ್ ನಗರದ ಬಸ್ ನೌಕರರ ಕಥೆ ಮನನೀಯ. 1953ರಲ್ಲಿ ಜೆರಿ ಮಾರಿಸ್ ಎಂಬ ವೈದ್ಯ ವಿಜ್ಞಾನಿಯೂ ಅವರ ಸಂಗಡಿಗರೂ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಎರಡು ಅಂತಸ್ತಿನ ಒಂದೇ ಬಸ್ಸಿನಲ್ಲಿ ದುಡಿಯುವ ಇಬ್ಬರಲ್ಲಿ ಚಾಲಕನು ಪಾಳಿಯುದ್ದಕ್ಕೂ ಕುಳಿತೇ ಇರುತ್ತಾನೆ. ನಿರ್ವಾಹಕನು ಟಿಕೆಟ್ ಕೊಡುತ್ತ ದಿನಕ್ಕೆ ನೂರಾರು ಮೆಟ್ಟಿಲುಗಳನ್ನು ಹತ್ತಿಳಿಯುತ್ತಾನೆ. ಹೃದಯದ ಕಾಯಿಲೆ ಚಾಲಕರಲ್ಲಿ ಹೆಚ್ಚು, ನಿರ್ವಾಹಕರಲ್ಲಿ ಕಡಿಮೆ ಎಂಬುದು ಅಧ್ಯಯನದಿಂದ ಕಂಡುಬಂತು. ಚಾಲಕರು ಕೆಲಸಕ್ಕೆ ಸೇರುವಾಗಲೇ ಸ್ಥೂಲಕಾಯರಾಗಿದ್ದಿರಬಹುದಲ್ಲವೇ ಎಂಬ ಸಂದೇಹವೂ ಎದ್ದಿತು. ಅದನ್ನು ಮಾರಿಸ್ ಅವರೇ ಸಮವಸ್ತ್ರದ ಸೊಂಟದ ಅಳತೆಗಳನ್ನು ನೋಡಿ ಪರೀಕ್ಷಿಸಿದರು, ಸಂದೇಹದಲ್ಲಿ ಹುರುಳಿತ್ತು. ಆದರೆ ನಡೆದೋ ಸೈಕಲ್ ತುಳಿದೋ ಪತ್ರ ಹಂಚುವ ಅಂಚೆಯವರನ್ನು ಮೇಜಿನ ಮುಂದೆ ಕೂರುವ ಗುಮಾಸ್ತರೊಂದಿಗೆ ಹೋಲಿಸಿದಾಗಲೂ ಇದೇ ಬಗೆಯ ಅಂತರ ಕಂಡುಬಂದಿತ್ತು. ಮಾರಿಸ್ 2009ರಲ್ಲಿ ತೀರಿಕೊಂಡಾಗ ಅವರಿಗೆ 99 ವರ್ಷ.

ನಾವು ಗಮನಿಸಬೇಕಾದದ್ದು ಇಷ್ಟು: ಆ ನಿರ್ವಾಹಕರಲ್ಲಿ ಯಾರೂ ಮನಸ್ಸು ಗಟ್ಟಿ ಮಾಡಿಕೊಂಡು ಮೆಟ್ಟಿಲು ಹತ್ತಿದವರಲ್ಲ. ಮೇಲಂತಸ್ತಿನಲ್ಲಿ ಪ್ರಯಾಣಿಕರಿದ್ದರು, ಹತ್ತಿದರು. ನಮ್ಮ ಹಿರಿಯರೂ ಹಾಗೆಯೇ. ಬಾವಿಯಿಂದ ನೀರು ಸೇದುವುದು, ಕಲ್ಲಿನಲ್ಲಿ ಮಸಾಲೆ ಕಡೆಯುವುದು, ಗದ್ದೆಯ ಅಂಚಿನಲ್ಲಿ ಚರ್ಚಿಗೋ ಸಂತೆಗೋ ಮೈಲಿಗಟ್ಟಲೆ ನಡೆಯುವುದು ಅವರಿಗೆ ವ್ಯಾಯಾಮವಾಗಿರಲಿಲ್ಲ, ಬದುಕಾಗಿತ್ತು. ಪಂಪು, ಮಿಕ್ಸಿ, ಸ್ಕೂಟರುಗಳು ಬಂದು ಆ ಶ್ರಮವನ್ನು ಕಳೆದವು. ಅದು ಒಳ್ಳೆಯದೇ ಆಯಿತು, ಕಡೆಯುವ ಕಲ್ಲಿನ ಮುಂದೆ ಕುಳಿತವರಾರೂ ಅದನ್ನು ಮರಳಿ ಬಯಸಲಾರರು. ಆದರೆ ಕಳೆದುಹೋದ ಚಲನೆಯ ಜಾಗದಲ್ಲಿ ನಾವು ಬೇರೇನನ್ನೂ ಏರ್ಪಡಿಸಲಿಲ್ಲ, ಬರೀ ಸಂಕಲ್ಪವನ್ನು ನಂಬಿ ಕುಳಿತೆವು.

ಸಂಕಲ್ಪಕ್ಕಿಂತ ಏರ್ಪಾಡು ಬಲವಾದದ್ದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಗೆ ಯಾವುದಾದರೊಂದು ಚಿಕ್ಕ ಕೆಲಸವನ್ನು ದಿನಾಲೂ ಒಂದೇ ಸಂದರ್ಭಕ್ಕೆ ಜೋಡಿಸಿಕೊಂಡು 84 ದಿನ ಮಾಡುವಂತೆ ತಿಳಿಸಿ, ಫಲಿತಾಂಶವನ್ನು 2010ರಲ್ಲಿ ಪ್ರಕಟಿಸಿದರು. ಕೆಲಸವು ತಾನಾಗಿಯೇ ನಡೆಯುವಂತಾಗಲು ಸಾಮಾನ್ಯವಾಗಿ ಬೇಕಾದದ್ದು 66 ದಿನಗಳು. ಕೆಲವರಿಗೆ 18 ಸಾಕಾದರೆ ಕೆಲವರಿಗೆ 254 ದಿನ ಬೇಕಾದೀತೆಂದು ಲೆಕ್ಕ ಹೇಳಿತು. ನಡುವೆ ಒಂದು ದಿನ ತಪ್ಪಿದರೆ ಹೆಚ್ಚಿನ ಹಾನಿಯೇನೂ ಇಲ್ಲವೆಂದೂ ತಿಳಿದುಬಂತು. ಎರಡು ವಾರ ನಡೆದು, ಮದುವೆಯ ಗದ್ದಲದಲ್ಲಿ ಒಂದು ದಿನ ತಪ್ಪಿ, 'ಇನ್ನು ನನ್ನಿಂದಾಗದು' ಎಂದು ಕೈಬಿಡುವವರು ಇದನ್ನು ಗಮನಿಸಬೇಕು. ಬೆಳಗಿನ ಕಾಫಿಯ ಬೆನ್ನಿಗೇ ಹತ್ತು ನಿಮಿಷದ ನಡಿಗೆ, ನೆರೆಯವರೊಬ್ಬರ ಜೊತೆ. ಆರಂಭಕ್ಕೆ ಇದಕ್ಕಿಂತ ದೊಡ್ಡ ಪ್ರತಿಜ್ಞೆ ಬೇಡ. ಗೇಟಿನ ಬಳಿ ಒಬ್ಬರು ಕಾಯುತ್ತಿದ್ದಾರೆಂಬ ಸಂಕೋಚವು ಹತ್ತು ಉಪನ್ಯಾಸಗಳಿಗಿಂತ ಹೆಚ್ಚಿನ ಕೆಲಸ ಮಾಡುತ್ತದೆ.

ದಿನಕ್ಕೆ 10,000 ಹೆಜ್ಜೆಗಳೆಂಬ ಲೆಕ್ಕ ಅನೇಕರನ್ನು ಆರಂಭದಲ್ಲೇ ಹೆದರಿಸುತ್ತದೆ. ಅದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಹುಟ್ಟಿದ ಸಂಖ್ಯೆ, ವೈದ್ಯಶಾಸ್ತ್ರದಿಂದ ಬಂದದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಯಸ್ಕರಿಗೆ ಹೇಳಿದ್ದು ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ವೇಗದ ಚಟುವಟಿಕೆ. ಒಮ್ಮೆಗೆ ಹತ್ತು ನಿಮಿಷವಾದರೂ ಇರಬೇಕೆಂಬ ಹಿಂದಿನ ಷರತ್ತನ್ನೂ ಅದು ಕೈಬಿಟ್ಟಿತು.

ಇನ್ನು ಹೆಚ್ಚು ಕಸಿವಿಸಿಯ ವಿಷಯಕ್ಕೆ ಬರೋಣ. 2024ರಲ್ಲಿ 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆ ಪ್ರಕಟಿಸಿದ ಅಂದಾಜಿನಂತೆ 2022ರಲ್ಲಿ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಪುರುಷರಲ್ಲಿ ಇದು ಶೇಕಡಾ 42, ಸ್ತ್ರೀಯರಲ್ಲಿ ಶೇಕಡಾ 57. ಮನೆಯೊಡೆಯ ಟೀ ಷರ್ಟ್ ಧರಿಸಿ ಮುಂಜಾನೆ ಹೊರಡುವಾಗ ಗೃಹಿಣಿ ಒಲೆಯ ಮುಂದಿರುತ್ತಾಳೆ. ಮನೆಗೆಲಸವೇ ಅವಳಿಗೆ ವ್ಯಾಯಾಮವಲ್ಲವೇ ಎನ್ನುವವರಿದ್ದಾರೆ. ನೆಲ ತಿಕ್ಕುವುದು, ಭಾರ ಹೊರುವುದು ವ್ಯಾಯಾಮವೆಂದು ಒಪ್ಪೋಣ. ಮೂರು ಗಂಟೆ ಒಲೆಯೆದುರು ನಿಲ್ಲುವುದು ಬರೀ ದಣಿವು. ಅವಳಿಗೆ ಮನಸ್ಸಿಲ್ಲವೆಂದು ಹೇಳುವ ಮುನ್ನ ಅವಳಿಗೆ ಹೊತ್ತು ಇದೆಯೇ ಎಂದು ಮನೆಮಂದಿ ಕೇಳಿಕೊಳ್ಳಬೇಕು. ಹೆಣ್ಣುಮಕ್ಕಳ ಸ್ಥಿತಿಯೂ ಬಹಳ ಬೇರೆಯಲ್ಲ. ಪರೀಕ್ಷೆ ಸಮೀಪಿಸಿದೊಡನೆ ಆಟದ ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಡುವ ಶಾಲೆಗಳನ್ನು ಪ್ರಶ್ನಿಸುವ ಹೆತ್ತವರು ಎಷ್ಟು ಮಂದಿ?

ಸಂಜೆ ಅರ್ಧ ಗಂಟೆ ಅಡುಗೆಮನೆಯನ್ನು ಗಂಡನೋ ಮಗನೋ ವಹಿಸಿಕೊಂಡರೆ ಈ ಏರ್ಪಾಡಿಗೆ ಕಾಸಿನ ಖರ್ಚಿಲ್ಲ. ಎದೆನೋವು, ಏದುಸಿರು ಇರುವವರೂ ದೀರ್ಘಕಾಲದ ಕಾಯಿಲೆಯವರೂ ವೈದ್ಯರನ್ನು ಕಂಡು ಆರಂಭಿಸುವುದು ಲೇಸು. ಜೂನ್ ಬಂದಿತೆಂದರೆ ನಮ್ಮ ಕರಾವಳಿಯಲ್ಲಿ ಮಳೆಯ ನೆಪವೂ ಸೇರಿಕೊಳ್ಳುತ್ತದೆ. ಆ ನಾಲ್ಕು ತಿಂಗಳಿಗೆ ಮನೆಯ ಜಗಲಿಯ ಉದ್ದವನ್ನು ಈಗಲೇ ಅಳೆದಿಟ್ಟುಕೊಳ್ಳಬಹುದು.