ಬಿಡದಿಯ ಇನ್ನೋವಾ ಯಾರದು?
ಬಿಡದಿಯಲ್ಲಿ ತಯಾರಾಗುವ ಇನ್ನೋವಾ ನಮ್ಮ ಕಾರೋ, ಜಪಾನಿನದೋ? ಅದನ್ನು ತಯಾರಿಸುವ, 1997ರಲ್ಲಿ ಹುಟ್ಟಿದ ಟೊಯೋಟಾ ಕಿರ್ಲೋಸ್ಕರ್ ಕಂಪನಿಯಲ್ಲಿ ಟೊಯೋಟಾದ ಪಾಲು ಶೇ 89, ಕಿರ್ಲೋಸ್ಕರ್ ಕಡೆಯದು ಶೇ 11. ಲಾಭದ ಲೆಕ್ಕ ಹಿಡಿದರೆ ಉತ್ತರ ಸುಲಭ. ಆದರೆ ಬೆಸುಗೆ ಹಾಕುವ, ಬಣ್ಣ ಹೊಡೆಯುವ, ಸುತ್ತಲಿನ ಸಣ್ಣ ಕಾರ್ಖಾನೆಗಳಲ್ಲಿ ಬಿಡಿಭಾಗ ತಯಾರಿಸುವ ಕೈಗಳು ನಮ್ಮವು. ಆ ದುಡಿಮೆಯನ್ನು ಪರದೇಶಿ ಎನ್ನಲು ನನಗೆ ಮನಸ್ಸು ಬಾರದು. ಮಾರುತಿಯನ್ನೇ ನೋಡಿ. 1983ರಲ್ಲಿ ಮೊದಲ ಮಾರುತಿ 800 ಕಾರು ರಸ್ತೆಗಿಳಿದಾಗ ಹೆಚ್ಚಿನ ಪಾಲು ಸರ್ಕಾರದ್ದು, ವಿನ್ಯಾಸ ಸುಝುಕಿಯದು. 2007ರಲ್ಲಿ ಸರ್ಕಾರ ಪೂರ್ತಿ ಹೊರಬಂತು. ಜನರ ಬಾಯಲ್ಲಿ ಮಾತ್ರ ಅದು ಇಂದಿಗೂ ನಮ್ಮ ಮಾರುತಿ! ಆ ಅಕ್ಕರೆ ನನಗೂ ಇದೆ. ಆದರೂ ಮುಂದಿನ ಮಾದರಿ ಹೇಗಿರಬೇಕೆಂಬ ಕೊನೆಯ ಮಾತು ಜಪಾನಿನದೇ ಆಗಿರುವವರೆಗೆ, ಬಿಡದಿಯ ಇನ್ನೋವಾವನ್ನು ನಾನು ಇಲ್ಲಿ ತಯಾರಾದ ಕಾರು ಎನ್ನುತ್ತೇನೆ, ದೇಶೀ ಕಾರು ಎನ್ನಲಾರೆ.