‘ಮನೆಯಲ್ಲೇ ಇರುತ್ತಾಳೆ’ ಎಂದು ಬರೆಸಬೇಡಿ
ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳ ಆರ್ಥಿಕತೆಯನ್ನು ವಿವರಿಸುವಾಗ ಕಾಗದದ ಕಾರ್ಖಾನೆ, ಕಾಳಿ ನದಿಯ ವಿದ್ಯುತ್ತು, ಕಬ್ಬು, ಭತ್ತ, ಪ್ರವಾಸೋದ್ಯಮಗಳ ಹೆಸರು ಬರುತ್ತದೆಯೇ ಹೊರತು, ಪಾಳಿಗೆ ಹೊರಟವನಿಗೆ ಬುತ್ತಿ ಕಟ್ಟುವ, ಕೂಸನ್ನು ಸಾಕುವ, ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವ ದುಡಿಮೆಯ ಹೆಸರು ಬರುವುದಿಲ್ಲ. ಕೂಲಿಯಿಲ್ಲದೆ ಮನೆಯವರಿಗಾಗಿ ಮಾಡುವ ಈ ಕೆಲಸವನ್ನು ಅರ್ಥಶಾಸ್ತ್ರಜ್ಞರು ‘ವೇತನರಹಿತ ಆರೈಕೆ ದುಡಿಮೆ’ ಎನ್ನುತ್ತಾರೆ. ಜೋಯಿಡಾದ ಹೋಮ್‌ಸ್ಟೇಯಲ್ಲಿ ಅತಿಥಿಗಳಿಗೆ ಬಡಿಸಿದ ಊಟ ರಾಷ್ಟ್ರೀಯ ಉತ್ಪನ್ನದ ಲೆಕ್ಕಕ್ಕೆ ಸೇರುತ್ತದೆ. ಅದೇ ಹೆಂಗಸು ಅದೇ ಒಲೆಯ ಮೇಲೆ ಅತ್ತೆಗೆ ಕಾಯಿಸಿದ ಗಂಜಿ ಸೇರುವುದಿಲ್ಲ.

2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸದಲ್ಲಿ ತೊಡಗಿದವರ ಪೈಕಿ ಹೆಂಗಸರು ದಿನಕ್ಕೆ 289 ನಿಮಿಷಗಳನ್ನೂ ಗಂಡಸರು 88 ನಿಮಿಷಗಳನ್ನೂ ಅದಕ್ಕೆ ವ್ಯಯಿಸುತ್ತಾರೆ. ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯೊಡತಿಗೆ ತಿಂಗಳಿಗೆ ಸಿಗುವ 2,000 ರೂಪಾಯಿ ಈ ದುಡಿಮೆಯ ಸಂಬಳವಲ್ಲ, ನೆರವು ಮಾತ್ರ. ಗೃಹಿಣಿಯ ದುಡಿಮೆಗೆ ಆದಾಯವನ್ನು ಅಂದಾಜಿಸಲೇಬೇಕೆಂದು ಸುಪ್ರೀಂ ಕೋರ್ಟ್ 2021ರ ಜನವರಿಯಲ್ಲಿ ಹೇಳಿತಾದರೂ, ಅದು ರಸ್ತೆ ಅಪಘಾತದಲ್ಲಿ ಆಕೆ ಸತ್ತ ಮೇಲಿನ ಪರಿಹಾರದ ಮಾತು. ಬದುಕಿರುವಾಗಲೇ ಬೆಲೆ ಕಟ್ಟುವ ದಾರಿ ಇನ್ನೂ ತೆರೆದಿಲ್ಲ.

ಜನಗಣತಿಯ ಲೆಕ್ಕಕ್ಕೆ ಸೇರಲೇಬೇಕಾದ ದುಡಿಮೆಯೂ ಮನೆಯವರ ಬಾಯಿಂದಲೇ ತಪ್ಪಿಹೋಗುತ್ತಿರುವುದು ಇದಕ್ಕಿಂತ ಕಳವಳದ ಸಂಗತಿ. 2011ರ ಜನಗಣತಿಯ ವ್ಯಾಖ್ಯೆಯಂತೆ, ಸ್ವಂತ ಹೊಲದಲ್ಲಿ ಕೂಲಿಯಿಲ್ಲದೆ ದುಡಿಯುವವರೂ, ಬರೀ ಮನೆಬಳಕೆಗಾಗಿ ಬೆಳೆಯುವ ಅಥವಾ ಹೈನು ಮಾಡುವವರೂ ‘ಕೆಲಸಗಾರರು’. ಹಾಗಿದ್ದ ಮೇಲೆ ಎಮ್ಮೆ ಕಟ್ಟಿ ಹಾಲು ಕರೆಯುವ ಗೌಳಿ ಹೆಂಗಸಾಗಲಿ, ಗೆಡ್ಡೆಗೆಣಸು ನೆಟ್ಟು ಅಗೆಯುವ ಕುಣಬಿ ಹೆಂಗಸಾಗಲಿ, ಗದ್ದೆಯಲ್ಲಿ ಸಸಿ ನಾಟಿ ಮಾಡುವ ಸಿದ್ದಿ ಹೆಂಗಸಾಗಲಿ ಕೆಲಸವಿಲ್ಲದವಳು ಹೇಗಾದಾಳು? ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ ಅವರು 1970ರ ದಶಕದಲ್ಲೇ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಜನರ ದಿನದ ಹೊತ್ತನ್ನು ಅಳೆದು, ಗಣತಿಯ ಕಣ್ಣಿಗೆ ಬೀಳದ ಹೆಣ್ಣುದುಡಿಮೆಯನ್ನು ತೋರಿಸಿಕೊಟ್ಟಿದ್ದರು.

ಆದುದರಿಂದ ಈ ನಾಲ್ಕು ತಾಲ್ಲೂಕುಗಳ ನಾಗರಿಕರಲ್ಲಿ ಕಳಕಳಿಯ ವಿನಂತಿಯೇನೆಂದರೆ, 2027ರ ಜನಗಣತಿಗಾಗಿ ಗಣತಿದಾರರು ಮನೆಗೆ ಬಂದು ಹೆಂಡತಿ, ಸೊಸೆ, ತಾಯಿಯ ಕೆಲಸವೇನೆಂದು ಕೇಳಿದಾಗ ಗಂಡಸರು ‘ಏನಿಲ್ಲ, ಮನೆಯಲ್ಲೇ ಇರುತ್ತಾಳೆ’ ಎಂದು ತಾವೇ ಉತ್ತರಿಸಿ ಮುಗಿಸಬಾರದು. ಹೊಲ, ಕೊಟ್ಟಿಗೆಗಳಲ್ಲಿ ವರ್ಷದ ಎಷ್ಟು ತಿಂಗಳು ದುಡಿಮೆ ನಡೆಯುತ್ತದೆಂಬುದನ್ನು ಆಕೆಯೇ ಹೇಳುವಂತಾಗಬೇಕು. ಉತ್ತರ ಸರಿಯಾಗಿದ್ದರೂ ಅಡುಗೆಯೂ ಆರೈಕೆಯೂ ಆ ಲೆಕ್ಕದ ಹೊರಗೇ ಉಳಿಯುತ್ತವೆಂಬುದು ನಿಜ. ಅವುಗಳ ಭಾರ ಇಳಿಯಬೇಕಾದರೆ ಗಂಡಸರ 88 ನಿಮಿಷ ಹೆಚ್ಚಬೇಕು, ಪಂಚಾಯಿತಿಯೂ ಕೈಜೋಡಿಸಬೇಕು. 3 ವರ್ಷದೊಳಗಿನ ಮಕ್ಕಳ ಪಾಲನೆಗೆಂದು ರಾಜ್ಯ ಸರ್ಕಾರ ರೂಪಿಸಿದ ‘ಕೂಸಿನ ಮನೆ’ ತಮ್ಮ ಪಂಚಾಯಿತಿಯಲ್ಲಿ ತೆರೆದಿದೆಯೇ, ನಾಟಿ ಮತ್ತು ಕೊಯ್ಲಿನ ಹೊತ್ತಿಗೆ ಹೊಂದುವಂತೆ ನಡೆಯುತ್ತಿದೆಯೇ, ಜೋಯಿಡಾದಂತಹ ಕಡೆ ಕಾಡಿನ ನಡುವೆ ಚದುರಿದ ಮಜಿರೆಗಳ ತಾಯಂದಿರು ಕೂಸನ್ನೆತ್ತಿಕೊಂಡು ನಡೆದು ತಲುಪುವಷ್ಟು ಹತ್ತಿರದಲ್ಲಿದೆಯೇ ಎಂಬ ಪ್ರಶ್ನೆಗಳನ್ನು ಮುಂದಿನ ಗ್ರಾಮಸಭೆಯಲ್ಲಿ ಎತ್ತಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿಕೊಳ್ಳಬೇಕೆಂದು ಕೋರಿಕೆ.