ಸೈಬರ್‌ಪಂಕ್ 2077: ಆಟಗಾರರ ಸಂಖ್ಯೆ ಮತ್ತು ಅಭಿಪ್ರಾಯಗಳು

ಸೈಬರ್‌ಪಂಕ್ 2077 ಪೋಲೆಂಡ್ ದೇಶದ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆಯು ನಿರ್ಮಿಸಿ 2020ರ ಡಿಸೆಂಬರ್ 10ರಂದು ಬಿಡುಗಡೆ ಮಾಡಿದ ಕಥಾಪ್ರಧಾನ ವಿಡಿಯೋ ಗೇಮ್. ಬಿಡುಗಡೆಯ ದಿನವೇ ಸ್ಟೀಮ್ ಎಂಬ ಅಂತರಜಾಲ ಮಳಿಗೆಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಇದನ್ನು ಏಕಕಾಲದಲ್ಲಿ ಆಡುತ್ತಿದ್ದರು. ಅದಾದ ಒಂದೇ ವಾರದಲ್ಲಿ ಸೋನಿ ಸಂಸ್ಥೆಯು ಈ ಆಟವನ್ನು ತನ್ನ ಪ್ಲೇಸ್ಟೇಷನ್ ಮಳಿಗೆಯಿಂದ ಹಿಂತೆಗೆದುಕೊಂಡಿತು. ಮೂರು ವರ್ಷಗಳ ತರುವಾಯ ಇದೇ ಆಟಕ್ಕೆ ಪ್ರಶಸ್ತಿಗಳು ದೊರೆತವು. ಒಂದೇ ಕೃತಿಯ ಕುರಿತು ಇಷ್ಟು ಭಿನ್ನವಾದ ತೀರ್ಪುಗಳು ಹೇಗೆ ಬಂದವು ಎಂಬುದನ್ನೂ, ಆಟಗಾರರ ಸಂಖ್ಯೆ ಮತ್ತು ಅಭಿಪ್ರಾಯಗಳ ಅಂಕಿ‌ಅಂಶಗಳನ್ನು ಹೇಗೆ ಓದಬೇಕು ಎಂಬುದನ್ನೂ ಈ ಲೇಖನವು ವಿವರಿಸುತ್ತದೆ.

ಹಿನ್ನೆಲೆ

ಅಮೆರಿಕದ ಮೈಕ್ ಪಾಂಡ್‌ಸ್ಮಿತ್ ಅವರು ರಚಿಸಿ 1988ರಲ್ಲಿ ಪ್ರಕಟಿಸಿದ ಸೈಬರ್‌ಪಂಕ್ ಎಂಬ ಪಾತ್ರಾಭಿನಯದ ಆಟವು ಈ ವಿಡಿಯೋ ಗೇಮಿಗೆ ಮೂಲ. ಮೇಜಿನ ಸುತ್ತ ಕುಳಿತು ಆಡುವ ಆ ಆಟದ ಕಲ್ಪಿತ ಜಗತ್ತನ್ನು ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆ ಪರದೆಗೆ ತಂದಿತು. ಕ್ಯಾಲಿಫೋರ್ನಿಯದಲ್ಲಿರುವ ನೈಟ್ ಸಿಟಿ ಎಂಬ ಕಾಲ್ಪನಿಕ ನಗರದಲ್ಲಿ ಕಥೆ ನಡೆಯುತ್ತದೆ. ಕೂಲಿಗಾಗಿ ಹೋರಾಡುವ ‘ವಿ’ ಎಂಬ ಪಾತ್ರವನ್ನು ಆಟಗಾರನು ನಿರ್ವಹಿಸುತ್ತಾನೆ. ಮೃತ ಸಂಗೀತಗಾರ ಜಾನಿ ಸಿಲ್ವರ್‌ಹ್ಯಾಂಡನ ಪ್ರಜ್ಞೆಯನ್ನು ಅಡಗಿಸಿಟ್ಟ ಚಿಪ್ಪೊಂದು ವಿಯ ತಲೆಯಲ್ಲಿ ಸೇರಿಕೊಂಡು ಅವನ ಅಥವಾ ಅವಳ ಪ್ರಾಣಕ್ಕೆ ಕುತ್ತು ತರುತ್ತದೆ. ಜಾನಿಯ ಪಾತ್ರಕ್ಕೆ ನಟ ಕಿಯಾನು ರೀವ್ಸ್ ರೂಪ ಮತ್ತು ಧ್ವನಿಗಳನ್ನು ನೀಡಿದ್ದಾರೆ. ಆಟಗಾರನ ಆಯ್ಕೆಗಳಿಗೆ ಅನುಗುಣವಾಗಿ ಕಥೆ ಬೇರೆಬೇರೆ ರೀತಿಯಲ್ಲಿ ಮುಕ್ತಾಯಗೊಳ್ಳುತ್ತದೆ.

ಈ ಆಟವನ್ನು 2012ರಲ್ಲೇ ಘೋಷಿಸಲಾಗಿತ್ತು. ಅದೇ ಸಂಸ್ಥೆಯ ದಿ ವಿಚರ್ 3 ಎಂಬ ಆಟ 2015ರಲ್ಲಿ ಅಪಾರ ಮನ್ನಣೆ ಗಳಿಸಿದ್ದರಿಂದ ನಿರೀಕ್ಷೆ ಬಹಳ ಹೆಚ್ಚಿತ್ತು. 2020ರ ಏಪ್ರಿಲ್ 16ಕ್ಕೆ ನಿಗದಿಯಾಗಿದ್ದ ಬಿಡುಗಡೆಯು ಮೂರು ಬಾರಿ ಮುಂದೆ ಹೋಗಿ ಕೊನೆಗೆ ಡಿಸೆಂಬರ್‌ನಲ್ಲಿ ನಡೆಯಿತು. ಅಷ್ಟರಲ್ಲಿ 80 ಲಕ್ಷ ಪ್ರತಿಗಳನ್ನು ಜನರು ಮುಂಗಡವಾಗಿ ಕಾಯ್ದಿರಿಸಿದ್ದರು.

ಸಂಖ್ಯೆಗಳ ಬಗೆಗಳು

ಆಟವೊಂದರ ಜನಪ್ರಿಯತೆಯನ್ನು ಕುರಿತ ಸುದ್ದಿಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಸಂಖ್ಯೆಗಳು ಕಾಣಿಸಿಕೊಳ್ಳುತ್ತವೆ. ಮೊದಲನೆಯದು ಮಾರಾಟವಾದ ಪ್ರತಿಗಳ ಸಂಖ್ಯೆ. ಇದನ್ನು ನಿರ್ಮಾಪಕ ಸಂಸ್ಥೆಯು ಹೂಡಿಕೆದಾರರಿಗೆ ತಿಳಿಸುತ್ತದೆ. ಇದು ಏರುತ್ತಲೇ ಹೋಗುವ ಒಟ್ಟು ಮೊತ್ತ. ಎರಡನೆಯದು ಏಕಕಾಲಿಕ ಆಟಗಾರರ ಸಂಖ್ಯೆ, ಅಂದರೆ ಒಂದು ನಿರ್ದಿಷ್ಟ ಕ್ಷಣದಲ್ಲಿ ಆಟವನ್ನು ತೆರೆದಿಟ್ಟುಕೊಂಡಿರುವವರ ಎಣಿಕೆ. ಸ್ಟೀಮ್ ಇದನ್ನು ಸಾರ್ವಜನಿಕವಾಗಿ ಪ್ರಕಟಿಸುತ್ತದೆ. ಇದು ಗಂಟೆಗಂಟೆಗೂ ಏರಿಳಿಯುತ್ತದೆ.

ಗ್ರಂಥಾಲಯವೊಂದರ ನಿದರ್ಶನದಿಂದ ಈ ವ್ಯತ್ಯಾಸವನ್ನು ಸುಲಭವಾಗಿ ಗ್ರಹಿಸಬಹುದು. ಒಂದು ಪುಸ್ತಕವನ್ನು ಈವರೆಗೆ ಎಷ್ಟು ಜನ ಎರವಲು ಪಡೆದರು ಎಂಬುದು ಒಂದು ಲೆಕ್ಕ. ಈಗ ಈ ಗಳಿಗೆಯಲ್ಲಿ ಎಷ್ಟು ಜನ ಅದನ್ನು ಕೈಯಲ್ಲಿ ಹಿಡಿದು ಓದುತ್ತಿದ್ದಾರೆ ಎಂಬುದು ಇನ್ನೊಂದು ಲೆಕ್ಕ. ಎರಡನೆಯದು ಕಡಿಮೆಯಾದ ಮಾತ್ರಕ್ಕೆ ಪುಸ್ತಕವನ್ನು ಜನ ತಿರಸ್ಕರಿಸಿದರು ಎಂದು ಅರ್ಥವಾಗುವುದಿಲ್ಲ. ಬಹಳಷ್ಟು ಮಂದಿ ಅದನ್ನು ಓದಿ ಮುಗಿಸಿರಲೂಬಹುದು.

ಸ್ಟೀಮ್‌ನ ಎಣಿಕೆಗೆ ಮತ್ತೊಂದು ಮಿತಿಯಿದೆ. ಆ ಮಳಿಗೆಯ ಮೂಲಕ ಕಂಪ್ಯೂಟರ್‌ನಲ್ಲಿ ಆಡುವವರನ್ನು ಮಾತ್ರ ಅದು ಒಳಗೊಳ್ಳುತ್ತದೆ. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಮೊದಲಾದ ಕನ್ಸೋಲ್‌ಗಳಲ್ಲಿ ಆಡುವವರಾಗಲಿ, ಗಾಗ್, ಎಪಿಕ್ ಮುಂತಾದ ಇತರ ಮಳಿಗೆಗಳಿಂದ ಕೊಂಡವರಾಗಲಿ ಅದರಲ್ಲಿ ಸೇರುವುದಿಲ್ಲ. ಸೈಬರ್‌ಪಂಕ್‌ನ ವಿಷಯದಲ್ಲಿ ಇದು ಸಣ್ಣ ಸಂಗತಿಯಲ್ಲ. 2020ರ ಅಂತ್ಯದೊಳಗೆ ಮಾರಾಟವಾದ 1 ಕೋಟಿ 37 ಲಕ್ಷ ಪ್ರತಿಗಳಲ್ಲಿ ಕಂಪ್ಯೂಟರ್‌ನ ಪಾಲು ಶೇ. 56. ಉಳಿದವು ಕನ್ಸೋಲ್‌ಗಳ ಪ್ರತಿಗಳು.

ಬಿಡುಗಡೆ ಮತ್ತು ಅಸಮಾಧಾನ

ಬಿಡುಗಡೆಯ ದಿನ ಸ್ಟೀಮ್‌ನಲ್ಲಿ ಏಕಕಾಲಿಕ ಆಟಗಾರರ ಸಂಖ್ಯೆ 10 ಲಕ್ಷ 54 ಸಾವಿರಕ್ಕೆ ಏರಿತು. ಒಬ್ಬನೇ ಆಡುವ ಆಟಗಳ ಪೈಕಿ ಅದು ಅಂದಿನ ದಾಖಲೆ. 2024ರ ಆಗಸ್ಟ್‌ನಲ್ಲಿ ಚೀನಾದ ಬ್ಲ್ಯಾಕ್ ಮಿತ್: ವುಕಾಂಗ್ ಎಂಬ ಆಟ 24 ಲಕ್ಷಕ್ಕೂ ಮಿಕ್ಕಿದ ಸಂಖ್ಯೆಯೊಡನೆ ಆ ದಾಖಲೆಯನ್ನು ಬಹುದೂರ ಹಿಂದಿಕ್ಕಿತು.

ಆದರೆ ಆ ದಾಖಲೆಯ ದಿನವೇ ದೂರುಗಳೂ ಆರಂಭವಾದವು. ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಎಂಬ ಹಳೆಯ ಕನ್ಸೋಲ್‌ಗಳಲ್ಲಿ ಆಟವು ತಡೆತಡೆದು ಸಾಗುತ್ತಿತ್ತು, ಚಿತ್ರಗಳು ಮಸುಕಾಗುತ್ತಿದ್ದವು, ಕೆಲವೊಮ್ಮೆ ಆಟ ತಾನಾಗಿ ಸ್ಥಗಿತಗೊಳ್ಳುತ್ತಿತ್ತು. ಬಿಡುಗಡೆಗೆ ಮುನ್ನ ವಿಮರ್ಶಕರಿಗೆ ದೊರೆತದ್ದು ಕಂಪ್ಯೂಟರ್ ಪ್ರತಿ ಮಾತ್ರ. ಹೀಗಾಗಿ ಆರಂಭದ ವಿಮರ್ಶೆಗಳನ್ನು ನಂಬಿ ಹಳೆಯ ಕನ್ಸೋಲ್‌ಗಾಗಿ ಹಣ ತೆತ್ತವರಿಗೆ ತಾವು ಕೊಳ್ಳುತ್ತಿರುವ ವಸ್ತುವಿನ ನಿಜಸ್ಥಿತಿ ತಿಳಿದಿರಲಿಲ್ಲ. ಈ ಪ್ರಕರಣದಲ್ಲಿ ಆಟಗಾರರ ಕೋಪಕ್ಕೆ ಮುಖ್ಯ ಕಾರಣ ಇದೇ. ಆಟ ರುಚಿಸಲಿಲ್ಲ ಎನ್ನುವುದಕ್ಕಿಂತ ತಮ್ಮಿಂದ ಮಾಹಿತಿಯನ್ನು ಮರೆಮಾಚಲಾಯಿತು ಎಂಬ ಭಾವನೆ ಅವರಲ್ಲಿ ಬಲವಾಗಿತ್ತು.

ಡಿಸೆಂಬರ್ 14ರಂದು ಸಂಸ್ಥೆಯು ಕ್ಷಮೆ ಕೋರಿ, ಅತೃಪ್ತರಿಗೆ ಹಣ ಹಿಂದಿರುಗಿಸುವ ವ್ಯವಸ್ಥೆಯನ್ನು ಪ್ರಕಟಿಸಿತು. ಡಿಸೆಂಬರ್ 17ರಂದು ಸೋನಿ ಆಟವನ್ನು ಮಳಿಗೆಯಿಂದ ತೆಗೆಯುವುದಾಗಿ ಘೋಷಿಸಿತು. ಆಟ ಅಲ್ಲಿಗೆ ಮರಳಿದ್ದು 2021ರ ಜೂನ್ 21ರಂದು. 2021ರ ಜನವರಿಯಲ್ಲಿ ಸಂಸ್ಥೆಯ ಸಹಸಂಸ್ಥಾಪಕ ಮಾರ್ಚಿನ್ ಇವಿನ್ಸ್ಕಿ ವಿಡಿಯೋ ಸಂದೇಶದ ಮೂಲಕ ಮತ್ತೆ ಕ್ಷಮೆ ಯಾಚಿಸಿದರು. ಅಮೆರಿಕದ ಹೂಡಿಕೆದಾರರು ಹೂಡಿದ್ದ ದಾವೆಯು 18.5 ಲಕ್ಷ ಡಾಲರ್‌ಗಳ ಪರಿಹಾರದೊಡನೆ ಇತ್ಯರ್ಥವಾಯಿತು.

ಒಂದೇ ಆಟಕ್ಕೆ ಎರಡು ಅಂಕಗಳು

ವಿಮರ್ಶಕರು ನೀಡಿದ ಅಂಕಗಳ ಸರಾಸರಿಯನ್ನು ನೂರಕ್ಕೆ ಲೆಕ್ಕ ಹಾಕುವ ಮೆಟಾಕ್ರಿಟಿಕ್‌ನಲ್ಲಿ ಈ ಆಟದ ಕಂಪ್ಯೂಟರ್ ಆವೃತ್ತಿಗೆ 86 ಅಂಕ ದೊರೆತರೆ, ಪ್ಲೇಸ್ಟೇಷನ್ 4 ಆವೃತ್ತಿಗೆ ದೊರೆತದ್ದು 57. ಕಥೆ ಅದೇ, ಪಾತ್ರಗಳು ಅವೇ, ಸಂಭಾಷಣೆಯೂ ಅದೇ. ಬದಲಾದದ್ದು ಯಂತ್ರ ಮಾತ್ರ. ಇಪ್ಪತ್ತೊಂಬತ್ತು ಅಂಕಗಳ ಈ ಅಂತರವು ಕೃತಿಯ ಸಾಹಿತ್ಯಿಕ ಗುಣವನ್ನು ಕುರಿತದ್ದಲ್ಲ. ಆದ್ದರಿಂದ ಸೈಬರ್‌ಪಂಕ್ ಒಳ್ಳೆಯ ಆಟವೇ ಎಂಬ ಪ್ರಶ್ನೆಗೆ ಆಗ ಒಂದೇ ಉತ್ತರ ಇರಲಿಲ್ಲ. ಯಾವ ಯಂತ್ರದಲ್ಲಿ ಎಂದು ಕೇಳದೆ ಉತ್ತರಿಸುವುದು ಸಾಧ್ಯವಿರಲಿಲ್ಲ.

ಸ್ಟೀಮ್‌ನಲ್ಲಿ ಮೊದಲ ದಿನಗಳಲ್ಲೂ ಆಟವನ್ನು ಮೆಚ್ಚಿದವರೇ ಅಧಿಕ ಸಂಖ್ಯೆಯಲ್ಲಿದ್ದರು. ಅವರೆಲ್ಲರೂ ಕಂಪ್ಯೂಟರ್‌ನಲ್ಲಿ ಆಡಿದವರು ಎಂಬುದನ್ನು ನೆನಪಿಟ್ಟರೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ಜಗತ್ತಿನ ಸುದ್ದಿಮಾಧ್ಯಮಗಳಲ್ಲಿ ಆಟದ ಹೆಸರು ಹಗರಣದೊಂದಿಗೆ ಕೇಳಿಬರುತ್ತಿದ್ದಾಗ, ಅದೇ ಸಮಯದಲ್ಲಿ, ಒಂದು ಮಳಿಗೆಯ ಪುಟದಲ್ಲಿ ಬಹುಮತವು ಆಟದ ಪರವಾಗಿತ್ತು.

ಇಳಿಕೆಯ ಅರ್ಥ

ಬಿಡುಗಡೆಯ ಒಂದು ತಿಂಗಳೊಳಗೆ ಸ್ಟೀಮ್‌ನ ದೈನಂದಿನ ಗರಿಷ್ಠ ಸಂಖ್ಯೆಯು ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. ಇದನ್ನು ಆಟದ ಅವಸಾನವೆಂದು ಹಲವರು ಬಣ್ಣಿಸಿದರು. ಈ ವಾದದಲ್ಲಿ ಅರ್ಧ ಸತ್ಯ ಮಾತ್ರ ಇದೆ. ದೋಷಗಳಿಂದ ಬೇಸತ್ತು ಆಟವನ್ನು ಬಿಟ್ಟವರೂ, ದುರಸ್ತಿಯಾಗುವವರೆಗೆ ಕಾಯೋಣ ಎಂದುಕೊಂಡವರೂ ಇದ್ದರು. ಆದರೆ ಕಥೆಯನ್ನು ಪೂರ್ತಿಗೊಳಿಸಿ ಹೊರಬಂದವರೂ ಅದೇ ಇಳಿಕೆಯಲ್ಲಿ ಸೇರಿದ್ದಾರೆ. ಸಂಖ್ಯೆಯು ಇವರನ್ನು ಪ್ರತ್ಯೇಕಿಸಿ ತೋರಿಸುವುದಿಲ್ಲ.

ಕೌಂಟರ್-ಸ್ಟ್ರೈಕ್‌ನಂತಹ ಬಹುಜನ ಸ್ಪರ್ಧೆಯ ಆಟಕ್ಕೆ ಕೊನೆ ಎಂಬುದಿಲ್ಲ. ಅಲ್ಲಿ ಎದುರಾಳಿಗಳು ಇಲ್ಲವಾದರೆ ಆಟವೇ ಇಲ್ಲ. ಹೀಗಾಗಿ ಅಂತಹ ಆಟಗಳಲ್ಲಿ ಏಕಕಾಲಿಕ ಸಂಖ್ಯೆಯು ಆರೋಗ್ಯದ ಲಕ್ಷಣ. ಕಥಾಪ್ರಧಾನ ಆಟಕ್ಕೆ ಆದಿ, ಮಧ್ಯ, ಅಂತ್ಯಗಳಿವೆ. ಅಲ್ಲಿ ಸಂಖ್ಯೆ ಇಳಿಯುವುದು ಸಹಜ. ಒಂದನ್ನು ಅಳೆಯುವ ಕೋಲಿನಿಂದ ಇನ್ನೊಂದನ್ನು ಅಳೆದರೆ ತಪ್ಪು ನಿರ್ಣಯಕ್ಕೆ ಬರುತ್ತೇವೆ. ಕಥೆಯನ್ನು ಎಷ್ಟು ಮಂದಿ ಮುಗಿಸಿದರು ಎಂಬುದನ್ನು ಅರಿಯಲು ಸ್ಟೀಮ್ ಮತ್ತು ಪ್ಲೇಸ್ಟೇಷನ್‌ಗಳು ಪ್ರಕಟಿಸುವ ಸಾಧನೆಗಳ ಶೇಕಡಾವಾರು ಪಟ್ಟಿ ಹೆಚ್ಚು ಉಪಯುಕ್ತ. ಕಥೆಯ ಯಾವ ಘಟ್ಟವನ್ನು ಎಷ್ಟು ಪಾಲು ಆಟಗಾರರು ದಾಟಿದ್ದಾರೆ ಎಂಬುದನ್ನು ಅದು ಸೂಚಿಸುತ್ತದೆ.

ಚೇತರಿಕೆ

2022ರ ಫೆಬ್ರವರಿಯಲ್ಲಿ ಬಂದ 1.5 ಎಂಬ ಪರಿಷ್ಕೃತ ಆವೃತ್ತಿಯು ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸರಣಿಯ ಹೊಸ ಯಂತ್ರಗಳಿಗೆ ಆಟವನ್ನು ಒಗ್ಗಿಸಿತು. ಅದೇ ವರ್ಷ ಸೆಪ್ಟೆಂಬರ್ 13ರಂದು ಜಪಾನಿನ ಸ್ಟುಡಿಯೋ ಟ್ರಿಗರ್ ನಿರ್ಮಿಸಿದ ಸೈಬರ್‌ಪಂಕ್: ಎಡ್ಜ್‌ರನ್ನರ್ಸ್ ಎಂಬ ಅನಿಮೇಷನ್ ಸರಣಿಯು ನೆಟ್‌ಫ್ಲಿಕ್ಸ್‌ನಲ್ಲಿ ಪ್ರಸಾರವಾಯಿತು. ಅದನ್ನು ನೋಡಿದವರು ನೈಟ್ ಸಿಟಿಯನ್ನು ತಾವೇ ಸುತ್ತಾಡಬೇಕೆಂದು ಬಯಸಿದರು. ಹತ್ತಾರು ಸಾವಿರದ ಮಟ್ಟದಲ್ಲಿದ್ದ ಸ್ಟೀಮ್‌ನ ಸಂಖ್ಯೆಯು ಆ ತಿಂಗಳಲ್ಲಿ 1 ಲಕ್ಷ 36 ಸಾವಿರಕ್ಕೆ ಜಿಗಿಯಿತು. ಹೊಸಬರು ಮತ್ತು ಮರಳಿ ಬಂದವರು ಸೇರಿ ದಿನಕ್ಕೆ ಹತ್ತು ಲಕ್ಷ ಜನ ಆಡುತ್ತಿದ್ದಾರೆ ಎಂದು ಸಂಸ್ಥೆ ತಿಳಿಸಿತು. ಮಾರಾಟವು 2 ಕೋಟಿ ದಾಟಿತು. ನೆಟ್‌ಫ್ಲಿಕ್ಸ್‌ನ ವಿಚರ್ ಧಾರಾವಾಹಿ 2019ರ ಡಿಸೆಂಬರ್‌ನಲ್ಲಿ ಬಂದಾಗ, ನಾಲ್ಕೂವರೆ ವರ್ಷ ಹಳೆಯದಾಗಿದ್ದ ದಿ ವಿಚರ್ 3 ಆಟಕ್ಕೂ ಇದೇ ಅನುಭವವಾಗಿತ್ತು. ಬಿಡುಗಡೆಯ ಕಾಲಕ್ಕಿಂತ ಹೆಚ್ಚು ಜನ ಆಗ ಅದನ್ನು ಏಕಕಾಲದಲ್ಲಿ ಆಡಿದರು.

2023ರ ಸೆಪ್ಟೆಂಬರ್ 21ರಂದು ಬಂದ 2.0 ಆವೃತ್ತಿಯು ಆಟದ ಹಲವು ಅಂಗಗಳನ್ನು ಮರುರೂಪಿಸಿತು. ಐದು ದಿನಗಳ ಬಳಿಕ ನಟ ಇಡ್ರಿಸ್ ಎಲ್ಬಾ ಅಭಿನಯಿಸಿದ ಫ್ಯಾಂಟಮ್ ಲಿಬರ್ಟಿ ಎಂಬ ವಿಸ್ತರಣೆ ಬಿಡುಗಡೆಯಾಯಿತು. ಸ್ಟೀಮ್‌ನ ಸಂಖ್ಯೆ 2 ಲಕ್ಷ 70 ಸಾವಿರ ದಾಟಿತು. ವಿಸ್ತರಣೆಯ 30 ಲಕ್ಷ ಪ್ರತಿಗಳು ಮೊದಲ ವಾರದಲ್ಲೇ ಮಾರಾಟವಾದವು. ಆ ವರ್ಷದ ದಿ ಗೇಮ್ ಅವಾರ್ಡ್ಸ್ ಸಮಾರಂಭದಲ್ಲಿ, ಬಿಡುಗಡೆಯಾದ ಮೇಲೂ ಬೆಳೆಯುತ್ತಿರುವ ಆಟಗಳಿಗೆ ಮೀಸಲಾದ ಪ್ರಶಸ್ತಿಯು ಸೈಬರ್‌ಪಂಕ್‌ಗೆ ಸಂದಿತು. ಸಂಸ್ಥೆಯ ವರದಿಗಳ ಪ್ರಕಾರ ಒಟ್ಟು ಮಾರಾಟವು 2024ರ ನವೆಂಬರ್‌ನಲ್ಲಿ 3 ಕೋಟಿಯನ್ನೂ 2025ರ ನವೆಂಬರ್‌ನಲ್ಲಿ 3.5 ಕೋಟಿಯನ್ನೂ ದಾಟಿತು.

ಈ ಚೇತರಿಕೆಯ ಕಥನದಲ್ಲಿ ಒಂದು ಕೊರತೆಯೂ ಇದೆ. 2.0 ಆವೃತ್ತಿಯಾಗಲಿ ಫ್ಯಾಂಟಮ್ ಲಿಬರ್ಟಿಯಾಗಲಿ ಹಳೆಯ ಕನ್ಸೋಲ್‌ಗಳಿಗೆ ಬರಲಿಲ್ಲ. 2020ರಲ್ಲಿ ಅತಿ ಹೆಚ್ಚು ತೊಂದರೆಗೆ ಒಳಗಾದ ಯಂತ್ರಗಳ ಮಾಲೀಕರು ಹೊಸ ಯಂತ್ರವನ್ನು ಕೊಳ್ಳದೆ ಸುಧಾರಿತ ಆಟವನ್ನು ಕಾಣುವಂತಿರಲಿಲ್ಲ. ಈಗ ಕಾಣುವ ಹೊಗಳಿಕೆಯ ಶೇಕಡಾವಾರು ಪ್ರಮಾಣದಲ್ಲಿ ಅವರ ಧ್ವನಿ ಕೇಳಿಸುವುದು ಕಡಿಮೆ.

ಅಭಿಪ್ರಾಯಗಳನ್ನು ಓದುವ ಬಗೆ

ಸ್ಟೀಮ್‌ನಲ್ಲಿ ಆಟಗಾರನು ಶಿಫಾರಸು ಮಾಡುತ್ತೇನೆ ಅಥವಾ ಮಾಡುವುದಿಲ್ಲ ಎಂಬ ಎರಡರಲ್ಲಿ ಒಂದನ್ನು ಮಾತ್ರ ಆರಿಸಬಹುದು. ಅಲ್ಲಿ ಕಾಣುವ ಶೇ. 80 ಎಂಬುದು ನೂರಕ್ಕೆ ಎಂಬತ್ತು ಅಂಕವಲ್ಲ. ಬರೆದ ನೂರು ಜನರಲ್ಲಿ ಎಂಬತ್ತು ಮಂದಿ ಶಿಫಾರಸು ಮಾಡಿದ್ದಾರೆ ಎಂಬುದಷ್ಟೇ ಅದರ ಅರ್ಥ. ಮೆಟಾಕ್ರಿಟಿಕ್‌ನ ಅಂಕದೊಡನೆ ಅದನ್ನು ಹೋಲಿಸುವುದು ಸಲ್ಲದು. ಪ್ರತಿಯೊಂದು ಅಭಿಪ್ರಾಯದ ಪಕ್ಕದಲ್ಲಿ ಬರೆದವರು ಎಷ್ಟು ಗಂಟೆ ಆಡಿದ್ದಾರೆ ಎಂಬ ವಿವರವಿರುತ್ತದೆ. ಅದನ್ನು ಗಮನಿಸುವುದು ಉಚಿತ. 2016ರಿಂದ ಸ್ಟೀಮ್ ಇತ್ತೀಚಿನ ಅಭಿಪ್ರಾಯಗಳನ್ನೂ ಒಟ್ಟು ಅಭಿಪ್ರಾಯಗಳನ್ನೂ ಬೇರೆಬೇರೆಯಾಗಿ ತೋರಿಸುತ್ತಿದೆ. ಸೈಬರ್‌ಪಂಕ್‌ನಂತೆ ಕಾಲಕ್ರಮದಲ್ಲಿ ಬದಲಾದ ಆಟಗಳಿಗೆ ಈ ವಿಂಗಡಣೆ ಅತ್ಯಗತ್ಯ.

ಆಡದೆಯೇ ಬರೆಯುವವರ ಸಮಸ್ಯೆಯೂ ಇದೆ. 2020ರ ಜೂನ್ 19ರಂದು ದಿ ಲಾಸ್ಟ್ ಆಫ್ ಅಸ್ ಭಾಗ 2 ಬಿಡುಗಡೆಯಾದ ಕೆಲವೇ ಗಂಟೆಗಳಲ್ಲಿ ಮೆಟಾಕ್ರಿಟಿಕ್‌ನಲ್ಲಿ ಬಳಕೆದಾರರಿಂದ ಶೂನ್ಯ ಅಂಕಗಳ ಮಳೆ ಸುರಿಯಿತು. ಇಪ್ಪತ್ತು ಗಂಟೆಗೂ ದೀರ್ಘವಾದ ಆ ಆಟವನ್ನು ಅಷ್ಟರಲ್ಲಿ ಮುಗಿಸುವುದು ಅಸಾಧ್ಯವಾಗಿತ್ತು. ಅದಾದ ಮೇಲೆ ಬಿಡುಗಡೆಯಾಗಿ 36 ಗಂಟೆ ಕಳೆಯುವವರೆಗೆ ಬಳಕೆದಾರರು ಅಂಕ ನೀಡುವಂತಿಲ್ಲ ಎಂಬ ನಿಯಮವನ್ನು ಮೆಟಾಕ್ರಿಟಿಕ್ ಜಾರಿಗೆ ತಂದಿತು. ಸೈಬರ್‌ಪಂಕ್‌ನ ವಿರುದ್ಧದ ದೂರುಗಳು ಈ ಬಗೆಯವಲ್ಲ. ಅವು ಹಣ ಕೊಟ್ಟು ಆಡಿದವರ ಅನುಭವಗಳು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಆಟಗಾರರ ಆಕ್ರೋಶವೆಂದರೆ ಬರೀ ಗದ್ದಲವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಸಾರಾಂಶ

ಸೈಬರ್‌ಪಂಕ್ 2077ರ ಮಾರಾಟದ ಸಂಖ್ಯೆ ಸಂಸ್ಥೆಯ ಯಶಸ್ಸನ್ನು ಹೇಳುತ್ತದೆ, ಏಕಕಾಲಿಕ ಸಂಖ್ಯೆ ಆಯಾ ಕಾಲದ ಕುತೂಹಲವನ್ನು ಹೇಳುತ್ತದೆ, ಅಭಿಪ್ರಾಯಗಳ ಪ್ರಮಾಣ ಬರೆಯಲು ಮುಂದಾದವರ ಮನಸ್ಸನ್ನು ಹೇಳುತ್ತದೆ. ಈ ಮೂರರಲ್ಲಿ ಯಾವುದೊಂದೂ ಆಟದ ಗುಣಕ್ಕೆ ನೇರವಾದ ಅಳತೆಗೋಲಲ್ಲ. ಸಂಖ್ಯೆಯೊಂದು ಕಣ್ಣಿಗೆ ಬಿದ್ದಾಗ ಅದು ಯಾರನ್ನು ಎಣಿಸಿದೆ, ಯಾವ ದಿನ ಎಣಿಸಿದೆ, ಯಾವ ಯಂತ್ರದಲ್ಲಿ ಎಣಿಸಿದೆ ಮತ್ತು ಯಾರನ್ನು ಹೊರಗಿಟ್ಟಿದೆ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. 2020ರ ಡಿಸೆಂಬರ್‌ನಲ್ಲಿ ಈ ಪ್ರಶ್ನೆಗಳನ್ನು ಕೇಳಲು ಬೇಕಾದ ಮಾಹಿತಿಯೇ ಕನ್ಸೋಲ್ ಆಟಗಾರರಿಗೆ ದೊರೆತಿರಲಿಲ್ಲ. ಆಟದಲ್ಲಿನ ದೋಷಗಳು ಕಾಲಾನಂತರ ತಿದ್ದಲ್ಪಟ್ಟವು. ಆದರೆ ಮಾಹಿತಿ ಇಲ್ಲದೆ ಹಣ ಕೊಟ್ಟವರ ದೂರು ನ್ಯಾಯಯುತವಾಗಿತ್ತು ಎಂಬುದನ್ನು ಆ ಬಳಿಕದ ಯಶಸ್ಸು ಅಳಿಸಿಹಾಕುವುದಿಲ್ಲ.